ಸೇತುವೆಗೆ ಪ್ರಶಸ್ತಿ ಕೊಡುವವರು ಏನು ನೋಡಿ ಕೊಡುತ್ತಾರೆ?

ಹೊಳೆಬಾಗಿಲು_ಹುಡುಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಊಟದ ಪಂಕ್ತಿಯಲ್ಲಿ ಶುರುವಾದ ಒಂದು ವಾದ ಅರ್ಧಕ್ಕೇ ನಿಂತಿದೆ. ಗೊತ್ತಿರುವವರು ಯಾರಾದರೂ ಮುಗಿಸಿಕೊಡಿ.

ನನ್ನ ಅಜ್ಜಿಮನೆ ತುಮರಿ ಕಡೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಮುಳುಗಿದ್ದು ಮುಳುಗಿತು, ಮುಳುಗದೆ ಉಳಿದ ಊರುಗಳು ಹಿನ್ನೀರಿನ ಆಚೆ ಸಿಕ್ಕಿಕೊಂಡವು. ನಾವು ಚಿಕ್ಕವರಿದ್ದಾಗ ಸಾಗರದಿಂದ ಬಸ್ಸು, ಹೊಳೆಬಾಗಿಲಲ್ಲಿ ಲಾಂಚ್‌ಗೆ ಕಾಯುವುದು, ಆಚೆ ದಡದಲ್ಲಿ ಮತ್ತೆ ಗಾಡಿ ಹುಡುಕುವುದು. ಸಂಜೆ ಲಾಂಚ್ ನಿಂತಿತೋ, ಕಾಯಿಲೆಯವರಿದ್ದರೂ ಸುತ್ತು ಬಳಸಿಯೇ ಹೋಗಬೇಕು. 2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಶುರುವಾಯಿತಲ್ಲ, 2.44 ಕಿ.ಮೀ. ಉದ್ದದ್ದು, ಸಿಗಂದೂರು ಸೇತುವೆ ಅಂತಲೇ ಎಲ್ಲರೂ ಕರೆಯುತ್ತಾರೆ, ಅದನ್ನು ಮೊದಲ ಸಲ ದಾಟಿದಾಗ ನಡುವೆ ಗಾಡಿ ನಿಲ್ಲಿಸಿಬಿಡೋಣ ಅನಿಸಿತು. ನಿಲ್ಲಿಸಲಿಲ್ಲ, ಹಿಂದೆ ಬಸ್ಸು ಹಾರ್ನ್ ಹೊಡೆಯುತ್ತಿತ್ತು.

ಹೋದ ತಿಂಗಳು ಒಂದು ಗೃಹಪ್ರವೇಶದಲ್ಲಿ ಈ ಸೇತುವೆಗೆ ದೊಡ್ಡ ಪ್ರಶಸ್ತಿ ಬರಬೇಕು ಅಂದೆ. ಪಕ್ಕದಲ್ಲಿ ಕೂತಿದ್ದ ಭಾವ ಹೋಳಿಗೆ ಮುರಿಯುತ್ತಾ, "ಎಂತ ಪ್ರಶಸ್ತಿಯಾ? ದುಡ್ಡು ಸುರಿದರೆ ಯಾರು ಬೇಕಾದರೂ ಕಟ್ಟುತ್ತಾರೆ, ಕೊನೆಗೆ ಕಲ್ಲಿನ ಮೇಲೆ ಬರೆಯುವುದು ಉದ್ಘಾಟನೆ ಮಾಡಿದವರ ಹೆಸರು" ಅಂದರು. ನನಗೆ ಉತ್ತರ ಹೊಳೆಯಲಿಲ್ಲ.

ನಿಜವಾಗಿ ಸೇತುವೆ, ಹೆದ್ದಾರಿಗಳ ಡಿಸೈನ್‌ಗೆ ಅಂತ ಪ್ರಶಸ್ತಿಗಳು ಇವೆಯಾ? ಇದ್ದರೆ ಏನು ನೋಡುತ್ತಾರೆ, ಉದ್ದ ಎತ್ತರ ಅಷ್ಟೇನಾ? ನನ್ನಂಥವನು, ಬಿ.ಕಾಂ ಓದಿದವನು, ಒಂದು ಸೇತುವೆ ನೋಡಿ ಇದು ಚೆನ್ನಾಗಿ ಯೋಚಿಸಿ ಮಾಡಿದ್ದು ಅಂತ ಹೇಳಲು ಆಗುತ್ತದಾ?

---

ಗರ್ಡರ್_ಗಣಪ

ಬೆಂಗಳೂರಿನ ಒಂದು ಕನ್ಸಲ್ಟೆನ್ಸಿಯಲ್ಲಿ ಸೇತುವೆ ಡಿಸೈನ್ ಮಾಡುವುದೇ ನನ್ನ ಹೊಟ್ಟೆಪಾಡು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ನಿಮ್ಮ ಭಾವನ ಮಾತು ಅರ್ಧ ಸರಿ. ಕಲ್ಲಿನ ಮೇಲಿನ ಹೆಸರಿನ ವಿಷಯ ಪೂರ್ತಿ ಸರಿ. ಆದರೆ ದುಡ್ಡು ಸುರಿದರೆ ಆಗುವುದು ಕಾಂಕ್ರೀಟು. ಅದನ್ನು ಎಲ್ಲಿ ಹಾಕಬೇಕು, ಅದಕ್ಕಿಂತ ಮುಖ್ಯವಾಗಿ ಎಲ್ಲಿ ಹಾಕಬಾರದು ಅನ್ನುವುದು ಡಿಸೈನ್.

ನಿಮ್ಮ ಸೇತುವೆಯನ್ನೇ ತೆಗೆದುಕೊಳ್ಳಿ. ಕೆಳಗಿರುವುದು ಹರಿಯುವ ಹೊಳೆ ಅಲ್ಲ, ಹಿನ್ನೀರು. ಮಳೆಗಾಲ ಮುಗಿಯುವಾಗ ತುಂಬುತ್ತದೆ, ಬೇಸಿಗೆಯಲ್ಲಿ ಕೆಳಗೆ ಇಳಿಯುತ್ತದೆ. ಆಳದಲ್ಲಿ ಒಂದೊಂದು ಕಂಬ ಎಬ್ಬಿಸುವುದೂ ದೊಡ್ಡ ಖರ್ಚು, ದೊಡ್ಡ ತಲೆನೋವು. ಹಾಗಾಗಿ ನಡುಭಾಗದಲ್ಲಿ ಕಂಬ ಕಡಿಮೆ ಮಾಡಬೇಕು, ಅಂದರೆ ಎರಡು ಕಂಬಗಳ ನಡುವಿನ ದೂರ ಹೆಚ್ಚಾಗಬೇಕು. ದೂರ ಹೆಚ್ಚಾದರೆ ಸಾದಾ ಗರ್ಡರ್ (ಕಂಬದಿಂದ ಕಂಬಕ್ಕೆ ಹಾಕುವ ತೊಲೆ) ತೀರಾ ದಪ್ಪವಾಗಿ ತನ್ನ ಭಾರಕ್ಕೇ ಬಾಗುತ್ತದೆ. ಅಲ್ಲಿ ಕೇಬಲ್ ಬೇಕಾಗುತ್ತದೆ. ಪೇಪರಿನಲ್ಲಿ ಎಲ್ಲರೂ "ಕೇಬಲ್ ಸೇತುವೆ" ಅಂತ ಬರೆದರು, ಆದರೆ ಗಮನಿಸಿದ್ದರೆ ಅದರ ಗೋಪುರಗಳು ಅಷ್ಟೇನೂ ಎತ್ತರ ಇಲ್ಲ. ನಮ್ಮ ಭಾಷೆಯಲ್ಲಿ ಅದು ಎಕ್ಸ್‌ಟ್ರಾಡೋಸ್ಡ್. ಗಿಡ್ಡ ಗೋಪುರ, ಓರೆ ಕಡಿಮೆ ಇರುವ ಕೇಬಲ್, ಗರ್ಡರ್ ಅರ್ಧ ಭಾರ ಹೊರುತ್ತದೆ, ಕೇಬಲ್ ಅರ್ಧ ಹೊರುತ್ತದೆ ಅಂತ ಇಟ್ಟುಕೊಳ್ಳಿ. ಸಾದಾ ಗರ್ಡರ್‌ಗೆ ಜಾಸ್ತಿ, ಪೂರ್ತಿ ಕೇಬಲ್ ಸೇತುವೆಗೆ ಕಡಿಮೆ ಅನ್ನುವ ದೂರಕ್ಕೆ ಇದು ಹೇಳಿ ಮಾಡಿಸಿದ್ದು. ಕಟ್ಟುವುದೂ ತಕ್ಕಡಿ ತೂಗಿದ ಹಾಗೆ: ಕಂಬದ ಈ ಕಡೆ ಒಂದು ತುಂಡು, ಆ ಕಡೆ ಒಂದು ತುಂಡು, ಎರಡೂ ಕಡೆ ಸಮ ಬೆಳೆಸುತ್ತಾ ಹೋಗಿ ಪಕ್ಕದ ಕಂಬದಿಂದ ಬಂದ ತುಂಡಿಗೆ ಕೂಡಿಸುವುದು. ನೀರಿನೊಳಗಿಂದ ಆಸರೆ ಕಟ್ಟುವ ಕೆಲಸವೇ ಇಲ್ಲ.

ಅದೇ ಜಾತಿಯ ಇನ್ನೊಂದು ಸೇತುವೆ ಕೋಲ್ಕತ್ತದ ನಿವೇದಿತಾ ಸೇತು, 2007ರಲ್ಲಿ ಆದದ್ದು. ಪಕ್ಕದಲ್ಲೇ ದಕ್ಷಿಣೇಶ್ವರ ಕಾಳಿ ದೇವಸ್ಥಾನ. ಹೊಸ ಸೇತುವೆ ದೇವಸ್ಥಾನದ ಶಿಖರಕ್ಕಿಂತ ಎತ್ತರ ಹೋಗಬಾರದು ಅನ್ನುವುದು ಲೆಕ್ಕದಲ್ಲಿತ್ತು. ಅದಕ್ಕೆ ಗೋಪುರಗಳನ್ನು 14 ಮೀಟರಿಗೆ ನಿಲ್ಲಿಸಿ 110 ಮೀಟರಿನ ಏಳು ಅಂಕಣ (ಎರಡು ಕಂಬಗಳ ನಡುವಿನ ಭಾಗ) ಹಾಕಿದರು. ಅಮೆರಿಕದ ಸೆಗ್ಮೆಂಟಲ್ ಬ್ರಿಡ್ಜ್ ಇನ್‌ಸ್ಟಿಟ್ಯೂಟ್ ಅದಕ್ಕೆ ಪ್ರಶಸ್ತಿ ಕೊಟ್ಟಿತು. ಎತ್ತರಕ್ಕಲ್ಲ ನೋಡಿ, ಒಂಥರಾ ತಗ್ಗಿ ನಿಂತದ್ದಕ್ಕೆ.

ಪ್ರಶಸ್ತಿ ಇವೆಯಾ ಅಂದರೆ, ಬೇಕಾದಷ್ಟು. ಜ್ಯೂರಿಕ್‌ನಲ್ಲಿ ಐಎಬಿಎಸ್‌ಇ ಅಂತ ಸೇತುವೆ, ಕಟ್ಟಡಗಳ ಎಂಜಿನಿಯರುಗಳ ಅಂತಾರಾಷ್ಟ್ರೀಯ ಸಂಸ್ಥೆ 1929ರಿಂದ ಇದೆ, ಅದರ ಅತ್ಯುತ್ತಮ ರಚನೆ ಪ್ರಶಸ್ತಿಗೆ ನಮ್ಮ ಕಸುಬಿನಲ್ಲಿ ತುಂಬ ಬೆಲೆ. ಫ್ರಾನ್ಸಿನ ಮಿಯೋ ಸೇತುವೆಗೆ 2006ರಲ್ಲಿ ಬಂತು. ನಮ್ಮಲ್ಲಿ ಹೆದ್ದಾರಿ ಸಚಿವಾಲಯ 2018ರಿಂದ ರಾಷ್ಟ್ರೀಯ ಹೆದ್ದಾರಿ ಉತ್ಕೃಷ್ಟತಾ ಪ್ರಶಸ್ತಿ ಶುರು ಮಾಡಿದೆ; ಸೇತುವೆ, ಸುರಂಗ, ಸುರಕ್ಷತೆ, ನಿರ್ವಹಣೆ, ಹಸಿರು ಹೆದ್ದಾರಿ ಅಂತ ವಿಭಾಗಗಳಿವೆ.

ನನಗೆ ಮಾತ್ರ ಪ್ರಶಸ್ತಿ ಅಂದ ಕೂಡಲೇ ನೆನಪಾಗುವುದು ಸ್ವಿಟ್ಜರ್‌ಲೆಂಡಿನ ಸುನಿಬರ್ಗ್. ಕ್ರಿಸ್ಟಿಯಾನ್ ಮೆನ್ ಡಿಸೈನ್ ಮಾಡಿದ್ದು, 1998ರದ್ದು, ಐಎಬಿಎಸ್‌ಇ 2001ರಲ್ಲಿ ಗೌರವಿಸಿತು. ಬರೀ 526 ಮೀಟರ್ ಉದ್ದ, ನಿಮ್ಮ ಸೇತುವೆಯ ಕಾಲು ಭಾಗವೂ ಇಲ್ಲ. ರಸ್ತೆ ಅಲ್ಲಿ ಬಾಗಿಕೊಂಡು ಹೋಗಬೇಕಿತ್ತು. ಬೇರೆಯವರಾದರೆ ಅಯ್ಯೋ ಬಾಗು ಅಂತ ತಲೆ ಚಚ್ಚಿಕೊಳ್ಳುತ್ತಿದ್ದರು. ಮೆನ್ ಆ ಬಾಗನ್ನೇ ದುಡಿಸಿಕೊಂಡ. ಸೇತುವೆ ಬಿಸಿಲಿಗೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ, ಅದಕ್ಕೆಂದೇ ತುದಿಗಳಲ್ಲಿ ಎಕ್ಸ್‌ಪ್ಯಾನ್ಷನ್ ಜಾಯಿಂಟ್ ಬಿಡುತ್ತೇವೆ (ಬಸ್ಸಿನಲ್ಲಿ ಟಡಕ್ ಟಡಕ್ ಅನ್ನುತ್ತದಲ್ಲ, ಅದೇ). ಸುನಿಬರ್ಗ್‌ನಲ್ಲಿ ಎರಡೂ ತುದಿ ಗಟ್ಟಿಯಾಗಿ ಹಿಡಿದಿದ್ದಾರೆ, ಜಾಯಿಂಟೇ ಇಲ್ಲ. ಹಿಗ್ಗಿದಾಗ ಇಡೀ ಬಿಲ್ಲು ಒಂದಿಷ್ಟು ಪಕ್ಕಕ್ಕೆ ಸರಿದು ಮತ್ತೆ ವಾಪಸ್ ಬರುತ್ತದೆ. ಜಾಯಿಂಟ್ ಇಲ್ಲ ಅಂದರೆ ಅದು ಸೋರುವುದೂ ಇಲ್ಲ, ಪ್ರತಿ ಹತ್ತಿಪ್ಪತ್ತು ವರ್ಷಕ್ಕೆ ಬದಲಾಯಿಸುವ ರಗಳೆಯೂ ಇಲ್ಲ. ನಾನು ಮೊದಲು ಓದಿದ ದಿನ ರಾತ್ರಿ ನಿದ್ದೆ ಬರಲಿಲ್ಲ, ಹೊಟ್ಟೆಕಿಚ್ಚಿಗೆ.

---

ಪಯಸ್ವಿನಿ_ತೀರ

ಗಣಪ ಅವರೇ, ಜ್ಯೂರಿಕ್ ಎಲ್ಲ ಸರಿ ಮಾರಾಯರೇ, ಸುಳ್ಯ ಬಿಟ್ಟಿರಲ್ಲ!

ನಮ್ಮ ಕಡೆ ಮಳೆಗಾಲದಲ್ಲಿ ಹೊಳೆ ದಾಟಲು ಮೊದಲು ಇದ್ದದ್ದು ಕಾಲುಸಂಕ. ಎರಡು ಅಡಿಕೆ ಮರ ಅಡ್ಡ ಹಾಕಿ, ಕೈ ಹಿಡಿಯಲಿಕ್ಕೆ ಒಂದು ಬಿದಿರು ಕಟ್ಟಿದರೆ ಆಯಿತು. ಆಷಾಢದಲ್ಲಿ ಅದೂ ತೇಲಿ ಹೋಗುತ್ತಿತ್ತು, ಮಕ್ಕಳ ಶಾಲೆ ಬಂದ್. 1989ರಲ್ಲಿ ಗಿರೀಶ್ ಭಾರದ್ವಾಜರು ಅರಂಬೂರಿನಲ್ಲಿ ಪಯಸ್ವಿನಿಗೆ ತೂಗುಸೇತುವೆ ಕಟ್ಟಿದರು. ಅವರು ಓದಿದ್ದು ಮೆಕ್ಯಾನಿಕಲ್, ಸಿವಿಲ್ ಅಲ್ಲ. ಆಮೇಲೆ ಕರ್ನಾಟಕ, ಕೇರಳ, ಒಡಿಶಾ ಅಂತ ನೂರಕ್ಕೂ ಮೇಲೆ ಕಟ್ಟಿದರು. 2017ರಲ್ಲಿ ಪದ್ಮಶ್ರೀ ಬಂತು. ಉಕ್ಕಿನ ಹಗ್ಗ, ಎರಡು ಗೋಪುರ, ಮೇಲೆ ಹಲಗೆ. ಲಾರಿ ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಹೆಂಗಸು, ಶಾಲೆ ಚೀಲದ ಮಕ್ಕಳು, ಡೈರಿಗೆ ಹಾಲು ಕೊಡುವವರು ಹೋದರೆ ಸಾಕು. ಎಷ್ಟು ಬೇಕೋ ಅಷ್ಟೇ ಕಟ್ಟುವುದೂ ಡಿಸೈನ್ ಅಲ್ವಾ?

ನನ್ನ ಪ್ರಕಾರ ಪ್ರಶಸ್ತಿ ಕೊಡುವವರು ಕೇಳಬೇಕಾದ ಮೊದಲ ಪ್ರಶ್ನೆ ಇದು ಯಾರಿಗೆ ಬೇಕಿತ್ತು ಅಂತ. ಆ ಲೆಕ್ಕದಲ್ಲಿ ತುಮರಿ ಸೇತುವೆಗೂ ನನ್ನ ವೋಟು ಇದೆ.

---

ಪಿಟ್ಸ್‌ಬರ್ಗ್_ಪುಟ್ಟಣ್ಣ

ನಾನಿರುವುದು ಸೇತುವೆಗಳ ಊರಿನಲ್ಲಿ, ಸುಮ್ನೆ ಓದಿ ಹೋಗಲು ಮನಸ್ಸು ಬರಲಿಲ್ಲ.

ಇಲ್ಲಿ ಪೇಟೆಯ ನಡುವೆ ಅಲೆಘೇನಿ ನದಿಗೆ ಒಂದೇ ಥರದ ಮೂರು ಹಳದಿ ಸೇತುವೆಗಳಿವೆ, "ಮೂವರು ಅಕ್ಕತಂಗಿಯರು" ಅಂತ ಕರೆಯುತ್ತಾರೆ. ಅದರಲ್ಲಿ ಆರನೇ ಬೀದಿಯದ್ದನ್ನು ಅಮೆರಿಕದ ಉಕ್ಕಿನ ಕಟ್ಟಡ ಸಂಸ್ಥೆ 1928ರ ಅತಿ ಸುಂದರ ಉಕ್ಕಿನ ಸೇತುವೆ ಅಂತ ಆರಿಸಿತು. ಅಲ್ಲಿಗೆ ಈ ಪ್ರಶಸ್ತಿ ಕೊಡುವ ಚಾಳಿ ಇವತ್ತಿನದಲ್ಲ. ಬೇರೆ ತೂಗುಸೇತುವೆಯಾದರೆ ಹಗ್ಗದ ತುದಿಯನ್ನು ದಡದಲ್ಲಿ ನೆಲಕ್ಕೆ ಬಿಗಿಯಬೇಕು. ಇಲ್ಲಿ ಹಾಗಿಲ್ಲ, ಆ ಎಳೆತವನ್ನು ಸೇತುವೆಯ ಹಾಸೇ ತಡೆದುಕೊಳ್ಳುತ್ತದೆ. ಸುಮಾರು ನೂರು ವರ್ಷವಾಯಿತು, ನಾನು ವಾರಕ್ಕೆ ಎರಡು ಸಲ ಅದರ ಮೇಲೆ ನಡೆದು ಹೋಗುತ್ತೇನೆ. ಇಂಟರ್‌ನ್ಯಾಷನಲ್ ಬ್ರಿಡ್ಜ್ ಕಾನ್ಫರೆನ್ಸ್‌ನವರು ಕೊಡುವ ಪದಕಗಳಲ್ಲಿ ಹೇಡನ್ ಪದಕ ಅಂತ ಒಂದಿದೆ, ಅದು ಕಾಲುಸೇತುವೆಯಂಥ ವಿಶೇಷ ಬಳಕೆಯ ಸೇತುವೆಗಳಿಗೆ. ಪಯಸ್ವಿನಿಯವರು ಖುಷಿಪಡಲಿ.

ಆದರೆ ಇದೇ ಊರಿನ ಇನ್ನೊಂದು ಕಥೆ ಕೇಳಿ. 2022ರ ಜನವರಿ 28, ಬೆಳಿಗ್ಗೆ, ಹಿಮ ಬಿದ್ದಿತ್ತು. ಫರ್ನ್ ಹಾಲೋ ಅನ್ನುವ ಸೇತುವೆ ಕುಸಿದು ಉದ್ದನೆಯ ಸಿಟಿ ಬಸ್ಸೊಂದು ಅದರ ಜೊತೆಗೇ ಇಳಿಯಿತು. ದೇವರ ದಯೆ, ಯಾರೂ ಸಾಯಲಿಲ್ಲ. ಅದೇ ದಿನ ಅಧ್ಯಕ್ಷ ಬೈಡನ್ ರಸ್ತೆ ಸೇತುವೆಗಳ ಬಗ್ಗೆಯೇ ಭಾಷಣ ಮಾಡಲು ಊರಿಗೆ ಬರುವವರಿದ್ದರು! ತನಿಖೆಯಲ್ಲಿ ಹೊರಬಂದದ್ದು ಇಷ್ಟು: ಮೇಲಿನ ನೀರು ಹೋಗುವ ದಾರಿ ಕಸ ಕಟ್ಟಿತ್ತು, ನೀರು ಕಾಲುಗಳ ಮೇಲೆ ಇಳಿದು ನಿಂತಿತ್ತು. ಆ ಉಕ್ಕು ಬಣ್ಣ ಬೇಡದ ಜಾತಿಯದ್ದು, ಮೇಲೆ ತಾನೇ ಒಂದು ತುಕ್ಕಿನ ಪದರ ಕಟ್ಟಿಕೊಂಡು ಒಳಗನ್ನು ಕಾಯುತ್ತದೆ, ಆದರೆ ಅದಕ್ಕೆ ಒಣಗಲು ಪುರುಸೊತ್ತು ಬೇಕು. ಸದಾ ಒದ್ದೆ ಇದ್ದರೆ ಪದರ ನಿಲ್ಲುವುದಿಲ್ಲ, ಕಾಲು ತಿಂದು ಹೋಯಿತು. ತಪಾಸಣೆಯವರು ವರ್ಷಗಟ್ಟಲೆ ಬರೆದುಕೊಡುತ್ತಲೇ ಇದ್ದರು.

ಇದು ಡಿಸೈನ್ ತಪ್ಪಾ, ನೋಡಿಕೊಳ್ಳದವರ ತಪ್ಪಾ? ಗಣಪ ಹೇಳಬೇಕು.

---

ಗರ್ಡರ್_ಗಣಪ

@ಪುಟ್ಟಣ್ಣ, ಕೆಣಕುವ ಪ್ರಶ್ನೆ. ದಾಖಲೆಯಲ್ಲಿ ನೋಡಿಕೊಳ್ಳದವರ ತಪ್ಪು. ಆದರೆ ಕಸ ಕಟ್ಟುತ್ತದೆ, ಗುಡಿಸುವವರು ಬರುವುದಿಲ್ಲ ಅನ್ನುವುದು ಡಿಸೈನ್ ಮಾಡುವವನಿಗೂ ಗೊತ್ತಿರಬೇಕು. ಇಟಲಿಯ ಜಿನೋವಾದಲ್ಲಿ ಮೊರಾಂಡಿ ಕಟ್ಟಿದ 1967ರ ಸೇತುವೆಯನ್ನು ಎಲ್ಲರೂ ಹೊಗಳುತ್ತಿದ್ದರು, ಕೇಬಲ್‌ಗಳಿಗೆ ಕಾಂಕ್ರೀಟಿನ ಹೊದಿಕೆ, ನೋಡಲು ಚೆಂದ. ಒಳಗೆ ತಂತಿ ತುಕ್ಕು ಹಿಡಿದರೆ ಹೊರಗಿಂದ ಕಾಣುವ ಉಪಾಯವೇ ಇರಲಿಲ್ಲ. 2018ರ ಆಗಸ್ಟ್‌ನಲ್ಲಿ ಮುರಿದು 43 ಜನ ಹೋದರು. ಅಂದಿನಿಂದ ನನ್ನ ಪಟ್ಟಿಯಲ್ಲಿ ಒಂದು ಸೇರಿದೆ: ಒಬ್ಬ ಮನುಷ್ಯ ಟಾರ್ಚ್ ಹಿಡಿದು ಎಲ್ಲ ಮೂಲೆಗೂ ಹೋಗಿ ಮುಟ್ಟಿ ನೋಡಲು ಆಗುತ್ತದಾ? ಬೇರಿಂಗ್ (ಕಂಬದ ಮೇಲೆ ಗರ್ಡರ್ ಕೂರುವ ಮೆತ್ತೆ) ಬದಲಾಯಿಸಲು ಜ್ಯಾಕ್ ಇಡುವ ಜಾಗ ಬಿಟ್ಟಿದ್ದಾರಾ? ಇದಕ್ಕೆ ಯಾರೂ ಪದಕ ಕೊಡುವುದಿಲ್ಲ, ಫೋಟೋದಲ್ಲಿ ಕಾಣುವುದೂ ಇಲ್ಲ.

ಇನ್ನೊಂದು ಹೊಟ್ಟೆಯುರಿ. ಈಗ ಎಲ್ಲರಿಗೂ ಕೇಬಲ್ ಬೇಕು. ನಲವತ್ತು ಮೀಟರಿನ ಹಳ್ಳಕ್ಕೂ ಗೋಪುರ ನಿಲ್ಲಿಸಿ, ಲೈಟು ಹಾಕಿ, ಸೆಲ್ಫಿ ಪಾಯಿಂಟ್ ಮಾಡಿ ಅಂತಾರೆ. ಅಲ್ಲಿ ಸಾದಾ ಗರ್ಡರ್ ಸಾಕು. ಕೇಬಲ್ ತೆಗೆದರೂ ಸೇತುವೆ ನಿಲ್ಲುತ್ತದೆ ಅಂದರೆ ಅದು ಒಡವೆ, ಡಿಸೈನ್ ಅಲ್ಲ.

---

ಘಾಟಿ_ಗೇರ್

ಸೇತುವೆ ಸೇತುವೆ ಅಂತೀರಿ, ಹೆದ್ದಾರಿ ಯಾರು ನೋಡುವವರು? ನಾನು 22 ವರ್ಷದಿಂದ ಲಾರಿ ಓಡಿಸುತ್ತೇನೆ. ಒಳ್ಳೆ ರಸ್ತೆ ಯಾವುದು ಅಂತ ಹೇಳಲಾ? ತಿರುವಿನ ನಡುವೆ ಬ್ರೇಕ್ ಒತ್ತಬೇಕಾಗಿ ಬರಬಾರದು. ತಿರುವಿಗೆ ಮೊದಲೇ ರಸ್ತೆ ನಿಧಾನವಾಗಿ ಓರೆಯಾಗಬೇಕು, ಸ್ಟೇರಿಂಗ್ ಕೂಡ ನಿಧಾನವಾಗಿ ತಿರುಗಬೇಕು. ಕೆಲವು ಕಡೆ ನೇರ ರಸ್ತೆ ಬರುತ್ತಾ ಬರುತ್ತಾ ಗಬಕ್ಕನೆ ತಿರುವು. ಲೋಡ್ ಇದ್ದರೆ ಮೇಲಿನ ಭಾರ ಹೊರಗೆ ಎಳೆಯುತ್ತದೆ, ಎದೆ ಝಲ್ ಅನ್ನುತ್ತದೆ. ಹೆಸರು ಹೇಳುವುದಿಲ್ಲ, ಒಂದು ಹೊಸ ನಾಲ್ಕು ಪಥದ ರಸ್ತೆಯಲ್ಲಿ ಓರೆ ಉಲ್ಟಾ ಇದ್ದ ಹಾಗೆ ನನಗೆ ಅನಿಸಿದ್ದಿದೆ. ಮಳೆ ನೀರು ಬಲದಿಂದ ಎಡಕ್ಕೆ ರಸ್ತೆಯ ಮೇಲೇ ಹರಿಯುತ್ತಿತ್ತು, ನನ್ನ ಗಾಡಿ ಒಮ್ಮೆ ಜಾರಿ ಡಿವೈಡರ್‌ಗೆ ಮುತ್ತು ಕೊಟ್ಟು ನಿಂತಿತು. ಕ್ಲೀನರ್ ಹುಡುಗ ಎರಡು ದಿನ ಮಾತಾಡಲಿಲ್ಲ.

ಜೊತೆಗೆ, ಊರವರು ರಸ್ತೆ ದಾಟಲು ಕೆಳದಾರಿ ಎಲ್ಲಿ ಕೊಟ್ಟಿದ್ದಾರೆ ನೋಡಿ. ಶಾಲೆ ಇಲ್ಲಿ, ಊರು ಅಲ್ಲಿ, ಕೆಳದಾರಿ ಒಂದು ಕಿಲೋಮೀಟರ್ ಆಚೆ. ಜನ ಹೋಗುತ್ತಾರಾ? ಡಿವೈಡರ್ ಹಾರುತ್ತಾರೆ, ಆಮೇಲೆ ಬೈಗುಳ ಡ್ರೈವರ್‌ಗೆ. ಪ್ರಶಸ್ತಿ ಕಮಿಟಿಯವರನ್ನು ಎಸಿ ಕಾರಿನಲ್ಲಿ ಅಲ್ಲ, ರಾತ್ರಿ ಮಳೆಯಲ್ಲಿ ನನ್ನ ಕ್ಯಾಬಿನ್‌ನಲ್ಲಿ ಕೂರಿಸಿ ಕರೆದುಕೊಂಡು ಹೋಗಬೇಕು. ಟೀ ಖರ್ಚು ನನ್ನದು.

---

ಗರ್ಡರ್_ಗಣಪ

@ಘಾಟಿ_ಗೇರ್, ನೀವು ಹೇಳಿದ ಓರೆಗೆ ನಾವು ಸೂಪರ್ ಎಲಿವೇಷನ್ ಅನ್ನುತ್ತೇವೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ನಿಯಮದ ಪ್ರಕಾರ ಬಯಲಲ್ಲಿ ಹೆಚ್ಚೆಂದರೆ ನೂರಕ್ಕೆ 7, ಹಿಮ ಬೀಳದ ಘಾಟಿಯಲ್ಲಿ 10. ನೇರದಿಂದ ತಿರುವಿಗೆ ಹೋಗುವಾಗ ನಡುವೆ ಒಂದು ಹೊಂದಿಸುವ ಬಾಗು ಇರಬೇಕು, ಸ್ಟೇರಿಂಗ್ ನಿಧಾನ ತಿರುಗಬೇಕು ಅಂದಿರಲ್ಲ, ಅದಕ್ಕೇ. ಸಮಸ್ಯೆ ಬರುವುದು ಬಲಬಾಗು ಮುಗಿದು ಕೂಡಲೇ ಎಡಬಾಗು ಬಂದಾಗ. ಓರೆ ಆ ಕಡೆಯಿಂದ ಈ ಕಡೆಗೆ ಹೊರಳುವ ನಡುವೆ ರಸ್ತೆ ಒಂದು ಕ್ಷಣ ಮಟ್ಟಸವಾಗುತ್ತದೆ, ಅಲ್ಲಿ ನೀರಿಗೆ ಯಾವ ಕಡೆ ಹೋಗಬೇಕು ಅಂತ ಗೊತ್ತಾಗುವುದಿಲ್ಲ. ಆ ಜಾಗದಲ್ಲಿ ಉದ್ದಕ್ಕಾದರೂ ಇಳಿಜಾರು ಇಡುವುದು ಒಳ್ಳೆ ಡಿಸೈನರ್ ಕೆಲಸ. ನಿಮ್ಮ ಗಾಡಿ ಜಾರಿದ್ದು ಅಂಥದ್ದೇ ಜಾಗದಲ್ಲಿ ಇರಬಹುದು. ಟೀಗೆ ನಾನು ತಯಾರು, ಕ್ಯಾಬಿನ್‌ಗೆ ಸ್ವಲ್ಪ ಯೋಚಿಸಬೇಕು.

---

ಪಟ್ಟಣದ_ಪುಟ್ಟಮ್ಮ

ಶ್ರೀರಂಗಪಟ್ಟಣದವಳು ನಾನು, ಚಿಕ್ಕದಾಗಿ ಒಂದು ಮಾತು. ನಮ್ಮ ಕಾವೇರಿಯ ಮೇಲೆ ದಿವಾನ್ ಪೂರ್ಣಯ್ಯನವರ ಕಾಲದ ಕಲ್ಲಿನ ಸೇತುವೆ ಇದೆ, 1804ರದ್ದು. ಕಂಬವೂ ಕಲ್ಲು, ತೊಲೆಯೂ ಕಲ್ಲು. ಹೆಸರು ಮಾತ್ರ ವೆಲ್ಲೆಸ್ಲಿ ಸೇತುವೆ, ಗವರ್ನರ್ ಜನರಲ್ ಸಾಹೇಬರದ್ದು. ಕಲ್ಲು ಸೀಳಿದವರು, ನೀರಿನಲ್ಲಿ ನಿಂತು ಕಂಬ ಎಬ್ಬಿಸಿದವರು ಯಾರೋ. ಹೊಳೆಬಾಗಿಲು ಅವರೇ, ನಿಮ್ಮ ಭಾವನ ದೂರು ಇನ್ನೂರು ವರ್ಷ ಹಳೆಯದು ಅಂತ ತಿಳಿಸಿ.

---

ಗರ್ಡರ್_ಗಣಪ

@ಪುಟ್ಟಮ್ಮ 😀 ಹೆಸರಿನ ವಿಷಯಕ್ಕೆ ಈಚಿನ ಉದಾಹರಣೆ ಒಂದಿದೆ. 2025ರ ಜೂನ್‌ನಲ್ಲಿ ಚೆನಾಬ್ ರೈಲು ಸೇತುವೆ ಉದ್ಘಾಟನೆಯಾದಾಗ ನಮ್ಮ ಐಐಎಸ್‌ಸಿಯ ಪ್ರೊಫೆಸರ್ ಮಾಧವಿ ಲತಾ ಅವರ ಹೆಸರು ಎಲ್ಲ ಕಡೆ ಓಡಾಡಿತು. 17 ವರ್ಷ ಅದರ ಅಡಿಪಾಯ, ಬಂಡೆಯ ಇಳಿಜಾರು ಭದ್ರ ಮಾಡುವ ಕೆಲಸಕ್ಕೆ ಸಲಹೆ ಕೊಟ್ಟವರು. ಅವರೇ ಮುಂದೆ ಬಂದು, ಸಾವಿರಾರು ಜನರಲ್ಲಿ ನಾನೂ ಒಬ್ಬಳು, ನನ್ನನ್ನು ಸುಮ್ಮನೆ ಪ್ರಸಿದ್ಧಿ ಮಾಡಬೇಡಿ ಅನ್ನುವ ಅರ್ಥದಲ್ಲಿ ಬರೆದರು. ನದಿಯ ತಳದಿಂದ 359 ಮೀಟರ್ ಎತ್ತರದಲ್ಲಿರುವ ಸೇತುವೆಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಅದು ಕೂತಿರುವ ಬಿರುಕು ಬಿಟ್ಟ ಬಂಡೆಯ ಬಗ್ಗೆ ಯಾರು ಮಾತಾಡುತ್ತಾರೆ? ಅಗೆಯುತ್ತಾ ಹೋದಂತೆ ಬಂಡೆ ಬೇರೆಯೇ ಕಾಣುತ್ತದೆ, ಆಗ ಲೆಕ್ಕವನ್ನೂ ಬದಲಾಯಿಸುತ್ತಾ ಹೋಗಬೇಕು. ಪ್ರಶಸ್ತಿ ಅರ್ಜಿಯ ಫೋಟೋದಲ್ಲಿ ಅದು ಮಣ್ಣಿನ ಕೆಳಗೆ.

ಇರಲಿ, ಮೂಲ ಪ್ರಶ್ನೆಯ ಕೊನೆಯ ಭಾಗ ಬಾಕಿ ಇದೆ, ಬಿ.ಕಾಂ ಓದಿದವರು ಹೇಗೆ ಗುರುತಿಸುವುದು ಅಂತ. ಮಳೆ ಬಂದ ಮರುದಿನ ಸೇತುವೆಯ ಕೆಳಗೆ ಹೋಗಿ. ಮೇಲಿಂದ ನೋಡಿದರೆ ಎಲ್ಲ ಸೇತುವೆಯೂ ಡಾಂಬರು. ಕೆಳಗೆ ಕಂಬದ ತಲೆಯಲ್ಲಿ ಹಸಿರು ಪಾಚಿ, ಕಂದು ಗೆರೆ ಇಳಿದಿದ್ದರೆ ಮೇಲಿನ ಜಾಯಿಂಟ್ ಸೋರುತ್ತಿದೆ. ನೀರಿನ ಪೈಪು ಗರ್ಡರ್‌ಗಿಂತ ಕೆಳಗೆ ಇಳಿದಿದೆಯಾ, ಇಲ್ಲ ಗರ್ಡರ್ ಮೈಮೇಲೇ ಉಗುಳುತ್ತಿದೆಯಾ ನೋಡಿ. ಆಮೇಲೆ ದೂರ ನಿಂತು ನೋಡಿ, ಭಾರ ಯಾವ ದಾರಿಯಲ್ಲಿ ನೆಲಕ್ಕೆ ಇಳಿಯುತ್ತಿದೆ ಅಂತ ಕಣ್ಣಿಗೆ ತಿಳಿಯುತ್ತದಾ. ತಿಳಿದರೆ ಅರ್ಧ ಪರೀಕ್ಷೆ ಪಾಸು.

---

ಹೊಳೆಬಾಗಿಲು_ಹುಡುಗ

ಎಲ್ಲರಿಗೂ ಥ್ಯಾಂಕ್ಸ್. ಇಡೀ ಚರ್ಚೆಯನ್ನು ಭಾವನಿಗೆ ಕಳಿಸಿದೆ. "ಆ ಲಾರಿಯವರು ಹೇಳಿದ್ದು ಸರಿ" ಅಂತ ಒಂದೇ ಸಾಲು ಬಂತು, ಉಳಿದದ್ದು ಓದಿದರೋ ಇಲ್ಲವೋ.

ನಿನ್ನೆ ಇಲ್ಲಿ ಜೋರು ಮಳೆ. ಗಣಪ ಸರ್ ಹೇಳಿದ ಹಾಗೆ ಬೆಳಿಗ್ಗೆ ಕೊಡೆ ಹಿಡಿದು ನಮ್ಮ ಮನೆ ಹತ್ತಿರದ ಹಳ್ಳದ ಸಣ್ಣ ಸೇತುವೆ ಕೆಳಗೆ ಇಳಿದೆ (ಉಂಬಳ ಎಷ್ಟು ಹತ್ತಿದವು ಅಂತ ಕೇಳಬೇಡಿ). ಮೂರು ಪೈಪುಗಳಿವೆ. ಎರಡು ಗರ್ಡರ್‌ಗಿಂತ ಒಂದು ಗೇಣು ಕೆಳಗೆ ಬಂದಿವೆ, ನೀರು ದೂರ ಬೀಳುತ್ತಿದೆ. ಮೂರನೆಯದು ಮೇಲೇ ಮುರಿದಿದೆ, ನೀರೆಲ್ಲ ಗರ್ಡರ್ ಪಕ್ಕೆಯಲ್ಲಿ ಇಳಿದು ಕಂಬದ ತಲೆಯ ಮೇಲೆ ಕೆರೆ ಆಗಿದೆ. ಅಲ್ಲಿ ಒಂದು ಆಲದ ಗಿಡ ಬೇರೆ ಹುಟ್ಟಿದೆ, ಮೊಣಕಾಲುದ್ದ. ಅದನ್ನು ನಾನೇ ಕಿತ್ತು ಹಾಕಬಹುದಾ, ಇಲ್ಲ ಬೇರು ಒಳಗೆ ಹೋಗಿದ್ದರೆ ಕೀಳುವುದು ತಪ್ಪಾ?

---

ಗರ್ಡರ್_ಗಣಪ

ಕೀಳಬೇಡಿ. ಬೇರು ಜಾಯಿಂಟ್ ಒಳಗೆ ಹೋಗಿದ್ದರೆ ಎಳೆದಾಗ ಕಾಂಕ್ರೀಟು ಚೂರೂ ಬರುತ್ತದೆ. ಕೈಗೆ ಎಟುಕಿದರೆ ಬುಡಕ್ಕೆ ಕತ್ತರಿಸಿ ಸಾಕು. ಪೈಪಿನ ಫೋಟೋ ಒಂದು, ಗಿಡದ ಫೋಟೋ ಒಂದು ತೆಗೆದು ಪಂಚಾಯ್ತಿಗೋ ಲೋಕೋಪಯೋಗಿಗೋ, ರಸ್ತೆ ಯಾರದ್ದು ಕೇಳಿಕೊಂಡು ಅರ್ಜಿ ಕೊಡಿ. "ಸೇತುವೆ ಅಪಾಯದಲ್ಲಿ" ಅಂತ ದೊಡ್ಡದಾಗಿ ಬರೆಯಬೇಡಿ, ಆ ಫೈಲು ಮೇಲೆ ಹೋಗಿ ಅಲ್ಲೇ ಕೂರುತ್ತದೆ. "ಮುರಿದ ನೀರಿನ ಪೈಪು ಬದಲಾಯಿಸಿ" ಅಂತ ಬರೆಯಿರಿ. ಅದು ಒಬ್ಬ ಮೇಸ್ತ್ರಿಯ ಅರ್ಧ ದಿನದ ಕೆಲಸ.